‘ಅಕ್ಕರ’: ಹೆಸರು ಮತ್ತು ಗಣ

ಕವಿರಾಜಮಾರ್ಗವು ಚತ್ತಾಣದ ಲಕ್ಷಣವನ್ನು ಹೇಳುವಲ್ಲಿ ಅಕ್ಕರವನ್ನು ಹೆಸರಿಸುತ್ತದೆ. ಪಂಪನು ಪಿರಿಯಕ್ಕರವನ್ನು ಬಳಸಿದ್ದಾನೆ. ಒಂದನೆಯ ನಾಗವರ್ಮನ ಛಂದೋಂಬುಧಿಯಲ್ಲಿ ಪಿರಿಯಕ್ಕರ, ದೊರೆಯಕ್ಕರ, ನಡುವಣಕ್ಕರ, ಎಡೆಯಕ್ಕರ, ಕಿರಿಯಕ್ಕರ ಎಂಬ 5 ಪ್ರಭೇದಗಳಿದ್ದು, ಇವುಗಳ ಪಾದಗಳಲ್ಲಿ ಕ್ರಮವಾಗಿ 7, 6, 5, 4, 3 ಗಣಗಳಿರುತ್ತವೆ.

ಯಕ್ಷ–ಜಕ್ಕ, ರಾಕ್ಷಸ–ರಕ್ಕಸ ಎಂಬಂತೆ ಅಕ್ಷರ–ಅಕ್ಕರ ಎಂಬ ತದ್ಭವಕ್ಕೆ ಧ್ವನಿನಿಯಮದ ಬಾಧೆಯಿಲ್ಲ. ತೊಡಕಿರುವುದು ಅರ್ಥದಲ್ಲಿ. ಅಕ್ಕರವು ಅಂಶಗಣದ ಬಂಧ. ಅದರಲ್ಲಿ ಅಕ್ಷರಸಂಖ್ಯೆ ನಿಯತವಲ್ಲ. ಇದಲ್ಲದೆ ತೆಲುಗಿನಲ್ಲಿ ಈ ಹೆಸರನ್ನು ಶಕಟರೇಫದಿಂದ ‘ಅಕ್ಕಱ’ ಎಂದು ಬರೆಯುವುದುಂಟು. ಹಳಗನ್ನಡದಲ್ಲಿ ಪ್ರೀತಿವಾಚಕವಾದ ‘ಅಕ್ಕಱ್’, ತೆಲುಗಿನಲ್ಲಿ ‘ಅಗತ್ಯ’ವೆಂಬರ್ಥದ ‘ಅಕ್ಕಱ’ ಬೇರೆಯೇ ಆದ ದೇಶ್ಯಪದಗಳು. ಅವುಗಳ ಸಾಮ್ಯದಿಂದ ತೆಲುಗಿನ ಬರಹದಲ್ಲಿ ಱಕಾರ ಸೇರಿರಬಹುದೆಂದು ಊಹಿಸಬಹುದು.

ಹೆಸರನ್ನೇ ನೆಚ್ಚಿದರೆ ಒದಗುವ ಅಪಾಯಕ್ಕೆ ಒಂದು ನಿದರ್ಶನ ಸಾಕು. ‘ನಡುವಣ’ ಎಂದರೆ ‘ಮಧ್ಯ’. ಆದುದರಿಂದ ನಡುವಣಕ್ಕರವೇ ತೆಲುಗಿನ ಮಧ್ಯಾಕ್ಕರವೆಂದು ತೋರುವುದು ಸಹಜ. ಆದರೆ ಮಧ್ಯಾಕ್ಕರದ ಪಾದದಲ್ಲಿ 2 ಇಂದ್ರ, 1 ಸೂರ್ಯ, ಮತ್ತೆ 2 ಇಂದ್ರ, 1 ಸೂರ್ಯ, ಹೀಗೆ 6 ಗಣಗಳಿವೆ. ಇಂದ್ರಕ್ಕೆ ವಿಷ್ಣುವನ್ನೂ ಸೂರ್ಯಕ್ಕೆ ಬ್ರಹ್ಮವನ್ನೂ ಸಂವಾದಿಯಾಗಿ ಇಟ್ಟರೆ ದೊರೆಯುವುದು ದೊರೆಯಕ್ಕರ. ಬ್ರಹ್ಮ 1, ವಿಷ್ಣು 3, ರುದ್ರ 1 ಎಂಬ ವಿನ್ಯಾಸದ ನಡುವಣಕ್ಕರಕ್ಕೆ ಸಾಟಿಯಾದುದು ಮಧುರಾಕ್ಕರ.

5 ಪ್ರಭೇದಗಳ ಸಾಲಿನಲ್ಲಿ 5 ಗಣಗಳ ಬಂಧವೇ ನಟ್ಟನಡುವಿನದು. ಕನ್ನಡದ ಹೆಸರು ಈ ಎಣಿಕೆಗೆ ಒಪ್ಪುತ್ತದೆ, ತೆಲುಗಿನದು ಒಪ್ಪುವುದಿಲ್ಲ. ಬೆಜವಾಡದ ಯುದ್ಧಮಲ್ಲನ ಶಾಸನದ ಮಧ್ಯಾಕ್ಕರಗಳನ್ನು ಕನ್ನಡದ ಬಂಧಗಳೊಡನೆ ಹೋಲಿಸುವವರು ಇದನ್ನು ಮರೆಯುವಂತಿಲ್ಲ. ಉಭಯಭಾಷೆಗಳ ಛಂದಸ್ಸಂಬಂಧವನ್ನು ನಿರ್ಣಯಿಸುವಲ್ಲಿ ಗಣವಿನ್ಯಾಸವೇ ಪ್ರಥಮ ಪ್ರಮಾಣ. ಹೆಸರಿನ ಸಾಕ್ಷ್ಯ ಆನಂತರದ್ದು.