ಹೆಣ ಕೊಳೆಯುವ ಮುನ್ನ

ಮನುಷ್ಯನ ಹೆಣವನ್ನು ಕುಯ್ದು ಪಾಠ ಹೇಳುವ ಪದ್ಧತಿ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಬೇರೂರಿದ್ದು 14ನೆಯ ಶತಮಾನದ ಆರಂಭದಲ್ಲಿ, ಇಟಲಿಯ ಬೊಲೊನ್ಯಾದಲ್ಲಿ. ಅಲ್ಲಿನ ಅಧ್ಯಾಪಕ ಮೊಂಡಿನೊ 1316ರಲ್ಲಿ ಬರೆದ ಕೈಪಿಡಿ ಸುಮಾರು ಎರಡು ಶತಮಾನ ವೈದ್ಯವಿದ್ಯಾರ್ಥಿಗಳ ಪಠ್ಯವಾಗಿ ನಡೆಯಿತು. ಅದರಲ್ಲಿ ಹೇಳಿದ ಕ್ರಮ ಹೀಗೆ: ಮೊದಲು ಹೊಟ್ಟೆ, ಆಮೇಲೆ ಎದೆ, ನಂತರ ತಲೆ, ಕಟ್ಟಕಡೆಗೆ ಕೈಕಾಲು. ಯಕೃತ್ತು, ಹೃದಯ, ಮಿದುಳು ದೇಹವನ್ನಾಳುವ ಮೂರು ಮುಖ್ಯ ಅಂಗಗಳೆಂಬ ಹಳೆಯ ಗ್ರೀಕ್ ಸಿದ್ಧಾಂತಕ್ಕೂ ಇದು ಹೊಂದುತ್ತಿತ್ತು. ಆದರೆ ನಿಜವಾದ ಕಾರಣ ನಾತ. ಕರುಳು ಎಲ್ಲಕ್ಕಿಂತ ಮೊದಲು ಕೊಳೆಯುತ್ತದೆ, ಆದ್ದರಿಂದ ಅದನ್ನೇ ಮೊದಲು ನೋಡಿ ಮುಗಿಸಬೇಕು. ಛೇದನ ನಡೆಯುತ್ತಿದ್ದುದೂ ಚಳಿಗಾಲದಲ್ಲೇ, ಅದೂ ಕೆಲವೇ ದಿನ. ಗಲ್ಲಿಗೇರಿದ ಅಪರಾಧಿಯ ಹೆಣ ಸಿಕ್ಕಾಗಷ್ಟೇ ಪಾಠ.

ಪಾಠದ ರೀತಿಯೂ ವಿಚಿತ್ರ. ಪ್ರಾಧ್ಯಾಪಕ ಎತ್ತರದ ಪೀಠದಲ್ಲಿ ಕೂತು ಲ್ಯಾಟಿನ್ ಗ್ರಂಥ ಓದುವನು. ಕತ್ತಿ ಹಿಡಿಯುವವನು ಕ್ಷೌರಿಕ-ಶಸ್ತ್ರವೈದ್ಯ. ಕೋಲಿನಿಂದ ಅಂಗ ತೋರಿಸುವವನು ಮತ್ತೊಬ್ಬ. ಓದುವವನು ಮುಟ್ಟುತ್ತಿರಲಿಲ್ಲ, ಮುಟ್ಟುವವನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಎಲ್ಲದಕ್ಕೂ ಆಧಾರ 2ನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್. ಅವನು ಕುಯ್ದು ನೋಡಿದ್ದು ಹೆಚ್ಚಾಗಿ ಕೋತಿ, ಹಂದಿ, ಎತ್ತುಗಳನ್ನು. ಪುಸ್ತಕಕ್ಕೂ ಹೆಣಕ್ಕೂ ತಾಳೆಯಾಗದಿದ್ದರೆ ತಪ್ಪು ಹೆಣದ್ದೇ ಎಂದುಕೊಳ್ಳುವುದು ಸುಲಭವಾಗಿತ್ತು.

ಇದನ್ನು ಮುರಿದವನು ಬ್ರಸೆಲ್ಸ್‌ನಲ್ಲಿ ಹುಟ್ಟಿದ ಆಂಡ್ರಿಯಾಸ್ ವೆಸಾಲಿಯಸ್. 1537ರಲ್ಲಿ ಇಟಲಿಯ ಪಡುವಾದಲ್ಲಿ ಪದವಿ ಪಡೆದವನಿಗೆ ಅಲ್ಲಿಯೇ ಬೋಧಕನ ಕೆಲಸವೂ ಸಿಕ್ಕಿತು. ಆಗ ಅವನಿಗೆ ಬರೀ 22 ವರ್ಷ. ಪೀಠದಿಂದ ಕೆಳಗಿಳಿದು ಕತ್ತಿಯನ್ನು ತಾನೇ ಹಿಡಿದ. 1539ರಲ್ಲಿ ಪಡುವಾದ ನ್ಯಾಯಾಧೀಶನೊಬ್ಬ ಮರಣದಂಡನೆಗೆ ಗುರಿಯಾದವರ ಹೆಣಗಳನ್ನು ಕೊಡಿಸತೊಡಗಿದ ಮೇಲೆ ಅವನ ಕೆಲಸ ವೇಗ ಪಡೆಯಿತು. ಮನುಷ್ಯನ ಕೆಳದವಡೆ ಎರಡಲ್ಲ, ಒಂದೇ ಮೂಳೆ. ಎದೆಮೂಳೆಯಲ್ಲಿರುವುದು ಏಳು ಭಾಗವಲ್ಲ, ಮೂರು. ದನಕುರಿಗಳ ಮಿದುಳಿನ ಬುಡದಲ್ಲಿ ಕಾಣುವ ರಕ್ತನಾಳಗಳ ಬಲೆ ಮನುಷ್ಯನಲ್ಲಿ ಇಲ್ಲ. ಹೀಗೆ ಗೇಲನ್ನನ ತಪ್ಪುಗಳು ಒಂದೊಂದಾಗಿ ಬಯಲಾದವು.

1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ವೆಸಾಲಿಯಸ್‌ನ ಮಹಾಗ್ರಂಥದಲ್ಲಿ ಏಳು ಭಾಗಗಳಿವೆ. ಅವುಗಳ ಜೋಡಣೆ ಗಮನಿಸಬೇಕಾದದ್ದು. ಮೊದಲನೆಯದು ಮೂಳೆ, ಎರಡನೆಯದು ಸ್ನಾಯು, ಆಮೇಲೆ ರಕ್ತನಾಳ, ನರ, ಅನಂತರ ಹೊಟ್ಟೆ ಮತ್ತು ಜನನಾಂಗ, ಹೃದಯ, ಕೊನೆಗೆ ಮಿದುಳು. ಮೊಂಡಿನೊನಲ್ಲಿ ಮೊದಲಿದ್ದ ಹೊಟ್ಟೆ ಐದನೆಯ ಸ್ಥಾನಕ್ಕೆ ಇಳಿದಿತ್ತು. ಕೊಳೆಯುವ ಕ್ರಮವನ್ನು ಬಿಟ್ಟು, ದೇಹ ನಿಂತಿರುವ ಆಧಾರದಿಂದ ಮೇಲಕ್ಕೆ ಕಟ್ಟುತ್ತ ಹೋಗುವ ಕ್ರಮ ಇದು. ಶಾಲೆಯ ಪುಸ್ತಕಗಳು ಇಂದಿಗೂ ದೇಹವನ್ನು ಅಸ್ಥಿಮಂಡಲ, ನರಮಂಡಲ ಎಂದು ವಿಂಗಡಿಸುವುದರ ಹಿಂದೆ ಈ ಜೋಡಣೆಯ ಋಣ ಸಣ್ಣದಲ್ಲ.

ಹೃದಯದ ವಿಷಯದಲ್ಲಿ ಮಾತ್ರ ವೆಸಾಲಿಯಸ್ ತಡವರಿಸಿದ. ಬಲ ಹೃತ್ಕುಕ್ಷಿಯ ರಕ್ತ ನಡುಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಎಡಕ್ಕೆ ಸೋಸಿಹೋಗುತ್ತದೆಂದು ಗೇಲನ್ ಹೇಳಿದ್ದ. ಅಂಥ ರಂಧ್ರ ಒಂದೂ ಕಾಣಲಿಲ್ಲ. ಈ ಸಂಶಯವನ್ನು ವೆಸಾಲಿಯಸ್ ಬಿಚ್ಚಿ ಹೇಳಿದ್ದು 1555ರ ಎರಡನೆಯ ಆವೃತ್ತಿಯಲ್ಲಿ. ರಕ್ತ ಶ್ವಾಸಕೋಶದ ಮೂಲಕ ಸುತ್ತಿ ಬರುತ್ತದೆಂದು ಪಡುವಾದಲ್ಲಿ ಅವನ ನಂತರ ಕಲಿಸಿದ ರಿಯಾಲ್ಡೊ ಕೊಲಂಬೊ ಬರೆದ. ಆ ಪುಸ್ತಕ 1559ರಲ್ಲಿ ಹೊರಬಂತು. ಇದೇ ಮಾತನ್ನು 13ನೆಯ ಶತಮಾನದಲ್ಲೇ ಇಬ್ನ್ ಅಲ್-ನಫೀಸ್ ಅರಬ್ಬಿಯಲ್ಲಿ ಬರೆದಿಟ್ಟಿದ್ದ.

1594ರಲ್ಲಿ ಪಡುವಾದ ಪ್ರಾಧ್ಯಾಪಕ ಫ್ಯಾಬ್ರಿಸಿಯಸ್‌ನ ಕಾಲದಲ್ಲಿ ಕಾಯಂ ಛೇದನಶಾಲೆ ಎದ್ದಿತು. ಮೊಟ್ಟೆಯಾಕಾರದ ಆರು ಮರದ ಅಂತಸ್ತುಗಳು ಬುಡದ ಮೇಜಿನ ಸುತ್ತ ಮೇಲಕ್ಕೆ ಅಗಲವಾಗುತ್ತ ಹೋಗುತ್ತವೆ. ಕೂರಲು ಜಾಗವಿಲ್ಲ, ವಿದ್ಯಾರ್ಥಿಗಳು ಅಕ್ರೋಟು ಮರದ ಕಟಾಂಜನಕ್ಕೆ ಒರಗಿ, ಮೇಣದಬತ್ತಿಯ ಬೆಳಕಿನಲ್ಲಿ, ಒತ್ತೊತ್ತಾಗಿ ನಿಂತೇ ನೋಡಬೇಕಿತ್ತು. ಅಭಿಧಮನಿಗಳೊಳಗಿನ ಪುಟ್ಟ ಕವಾಟಗಳನ್ನು ಫ್ಯಾಬ್ರಿಸಿಯಸ್ 1603ರ ಪುಸ್ತಕದಲ್ಲಿ ವಿವರಿಸಿದ. ರಕ್ತ ಕೈಕಾಲಿಗೆ ಒಮ್ಮೆಲೇ ನುಗ್ಗದಂತೆ ತಡೆಯಲು ಅವು ಇವೆಯೆಂದು ಅವನ ಊಹೆ. ಕಣ್ಣು ಸರಿಯಾಗಿಯೇ ಕಂಡಿತ್ತು, ಅರ್ಥ ತಪ್ಪಿತ್ತು.

ಅರ್ಥ ಹೊಳೆದದ್ದು, ಪಡುವಾದಿಂದಲೇ 1602ರಲ್ಲಿ ಪದವಿ ಪಡೆದು ಇಂಗ್ಲೆಂಡಿಗೆ ಮರಳಿದ್ದ ವಿಲಿಯಂ ಹಾರ್ವೆಗೆ. ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ಮಣಿಕಟ್ಟಿನ ನಾಡಿ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ. ಪಟ್ಟಿಯನ್ನು ತುಸು ಸಡಿಲಿಸಿದರೆ ರಕ್ತ ಒಳಗೆ ಬರುತ್ತದೆ, ಹಿಂದಿರುಗಲಾಗದೆ ಅಭಿಧಮನಿಗಳು ಉಬ್ಬುತ್ತವೆ. ಉಬ್ಬಿದ ನಾಳವೊಂದನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಕವಾಟದಾಚೆ ಮೇಲಕ್ಕೆ ಸವರಿದರೆ ಆ ತುಂಡು ಬರಿದಾಗುತ್ತದೆ. ಮೇಲಿನ ರಕ್ತ ಕೆಳಗಿಳಿಯುವುದಿಲ್ಲ. ಅಂದರೆ ಕವಾಟ ತೆರೆಯುವುದು ಹೃದಯದ ಕಡೆಗೆ ಮಾತ್ರ. ಹಾರ್ವೆ ಲೆಕ್ಕವನ್ನೂ ಹಾಕಿದ: ಅರ್ಧ ಗಂಟೆಯಲ್ಲಿ ಹೃದಯ ಸಾವಿರಕ್ಕೂ ಹೆಚ್ಚು ಸಲ ಬಡಿಯುತ್ತದೆ, ಒಂದೊಂದು ಬಡಿತಕ್ಕೆ ಅತಿ ಕಡಿಮೆ ರಕ್ತ ಹೊರಬಿದ್ದರೂ ಒಟ್ಟು ಮೊತ್ತ ಇಡೀ ಮೈಯಲ್ಲಿರುವುದಕ್ಕಿಂತ ಹೆಚ್ಚು. ತಿಂದ ಅನ್ನದಿಂದ ಅಷ್ಟು ರಕ್ತ ಹುಟ್ಟಲಾರದು, ಇದ್ದದ್ದೇ ಸುತ್ತುತ್ತಿರಬೇಕು. 1628ರಲ್ಲಿ ಇದನ್ನು ಪ್ರಕಟಿಸಿದಾಗ ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿಯನ್ನು ತೋರಿಸಲು ಅವನಲ್ಲಿ ಸೂಕ್ಷ್ಮದರ್ಶಕವಿರಲಿಲ್ಲ. 1661ರಲ್ಲಿ ಮಾರ್ಚೆಲ್ಲೊ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡ ಮೇಲೆ ವರ್ತುಲ ಪೂರ್ಣವಾಯಿತು.

ಪಡುವಾದ ಛೇದನಶಾಲೆ 1872ರವರೆಗೂ ಬಳಕೆಯಲ್ಲಿತ್ತು. 1890ರ ದಶಕದಲ್ಲಿ ಫಾರ್ಮಾಲಿನ್ ಬಳಕೆಗೆ ಬಂದು, ಹೆಣವನ್ನು ತಿಂಗಳುಗಟ್ಟಲೆ ಕಾಯ್ದಿಡುವುದು ಸುಲಭವಾಯಿತು. ಹೊಟ್ಟೆಯಿಂದಲೇ ಶುರುಮಾಡಬೇಕೆಂಬ ಒತ್ತಡ ಆಮೇಲೆ ಉಳಿಯಲಿಲ್ಲ.