ಕಡುಚಳಿಯಲ್ಲಿ ಡೀಸೆಲ್ ಎಂಜಿನ್

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನ ಹೆಚ್ಚುಗಾರಿಕೆ ಇದೇ. ಕಡುಚಳಿಯಲ್ಲಿ ಅದು ಪಡುವ ಪಾಡಿಗೂ ಇದೇ ಮೂಲ. ಕೊರೆಯುವ ಕಬ್ಬಿಣ ಆ ಕಾವನ್ನು ಹೀರಿಬಿಡುತ್ತದೆ. ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಬ್ಯಾಟರಿ ಸೊರಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಡಕು ಇಂಧನದೊಳಗೇ ಇದೆ. ಡೀಸೆಲ್‌ನಲ್ಲಿ ಸಹಜವಾಗಿರುವ ಮೇಣದ ಅಂಶ ಚಳಿಗೆ ಹರಳುಗಟ್ಟುತ್ತದೆ. ಮೊದಲು ಡೀಸೆಲ್ ಮಬ್ಬಾಗುತ್ತದೆ, ಆಮೇಲೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಕೊನೆಗೆ ಟ್ಯಾಂಕಿನಲ್ಲಿರುವುದೆಲ್ಲ ಹೆಪ್ಪುಗಟ್ಟುತ್ತದೆ.

ಕಾವಿನ ಕೊರತೆಗೆ ಬೇಗ ಉಪಾಯ ಸಿಕ್ಕಿತು. 1936ರ ಮರ್ಸಿಡಿಸ್ 260 ಡಿ ಕಾರಿನಲ್ಲೇ ಸ್ಟಾರ್ಟ್ ಮಾಡುವ ಮುನ್ನ ಒಳಗನ್ನು ಬಿಸಿಮಾಡುವ ಗ್ಲೋ ಪ್ಲಗ್ ಇತ್ತು. ಎರಡನೇ ಮಹಾಯುದ್ಧದ ಸೋವಿಯತ್ ಟಿ-34 ಯುದ್ಧಟ್ಯಾಂಕಿನದು ಬೇರೆಯೇ ದಾರಿ: ಬ್ಯಾಟರಿ ಕೈಕೊಟ್ಟರೆ ಸಿಲಿಂಡರಿನಲ್ಲಿ ತುಂಬಿಟ್ಟ ಒತ್ತಡದ ಗಾಳಿ ಎಂಜಿನ್ನಿಗೆ ನುಗ್ಗಿ ಪಿಸ್ಟನ್‌ಗಳನ್ನು ತಳ್ಳುತ್ತಿತ್ತು. ಮೇಣದ ಸಮಸ್ಯೆಗೆ ಸೋವಿಯತ್ ದೇಶ ಬೇಸಿಗೆ, ಚಳಿಗಾಲ, ಆರ್ಕ್ಟಿಕ್ ಎಂದು ಮೂರು ದರ್ಜೆಯ ಡೀಸೆಲ್ ತಯಾರಿಸಿತು. ಸೈಬೀರಿಯಾದ ಚಾಲಕರಿಗೆ ಇಷ್ಟೂ ಸಾಲದೆ, ರಾತ್ರಿಯಿಡೀ ಎಂಜಿನ್ ಆರಿಸದೇ ಬಿಡುವುದು ರೂಢಿಯಾಯಿತು.

ಎಂಜಿನ್ ನಿಂತರೆ ಏನಾಗುತ್ತದೆಂಬುದನ್ನು ಅಂಟಾರ್ಕ್ಟಿಕಾದ ವೊಸ್ತೋಕ್ ಕೇಂದ್ರ ಕಂಡಿತು. ಸುಮಾರು 3,490 ಮೀಟರ್ ಎತ್ತರದ ಈ ಸೋವಿಯತ್ ನೆಲೆಗೆ ಬೆಳಕು, ಬಿಸಿ ಎರಡೂ ಡೀಸೆಲ್ ಜನರೇಟರುಗಳಿಂದಲೇ ಬರುತ್ತಿದ್ದವು. 1982ರ ಏಪ್ರಿಲ್ 12ರಂದು ಜನರೇಟರ್ ಮನೆಗೆ ಬೆಂಕಿ ಬಿದ್ದು ಒಬ್ಬ ಮೆಕ್ಯಾನಿಕ್ ಸತ್ತ. ಉಳಿದ 20 ಮಂದಿಯ ಮುಂದೆ ಇಡೀ ಚಳಿಗಾಲವಿತ್ತು. ಆ ತಿಂಗಳುಗಳಲ್ಲಿ ಅಲ್ಲಿಗೆ ವಿಮಾನ ಹೋಗುವಂತಿರಲಿಲ್ಲ. ಅವರು ಡೀಸೆಲ್ ಉರಿಯುವ ಒಲೆಗಳನ್ನು ತಾವೇ ಮಾಡಿಕೊಂಡರು, ಮೇಣದಬತ್ತಿ ಎರಕ ಹೊಯ್ದರು, ಮೂಲೆಗೆ ಬಿದ್ದಿದ್ದ ಹಳೇ ಡೀಸೆಲ್ ಎಂಜಿನ್ನಿಗೆ ಜೀವ ಕೊಟ್ಟರು. ಹೊರಗೆ ಮೈನಸ್ 70 ಡಿಗ್ರಿಗಿಂತ ಕೆಳಗಿನ ಚಳಿ. ಇಪ್ಪತ್ತೂ ಜನ ಬದುಕುಳಿದರು. ಡೀಸೆಲ್ ಎಂಜಿನ್ನಿನ ಚರಿತ್ರೆಯಲ್ಲಿ ಮೆಕ್ಯಾನಿಕ್‌ಗಳ ಕೈಗೆ ಇದಕ್ಕಿಂತ ದೊಡ್ಡ ಗೌರವ ಸಲ್ಲಬೇಕಾದ ಸಂದರ್ಭ ಸಿಗುವುದು ಕಷ್ಟ.

ಭಾರತದಲ್ಲಿ ಈ ಪಾಡು ಲಡಾಖಿನದು. ದ್ರಾಸ್, ಕಾರ್ಗಿಲ್, ಝನ್ಸ್ಕಾರ್ ಕಡೆಯ ಲಾರಿ ಚಾಲಕರು ಬೆಳಿಗ್ಗೆ ಟ್ಯಾಂಕಿನ ಅಡಿಗೆ ಬೆಂಕಿ ಹಾಕಿ ಡೀಸೆಲ್ ಕರಗಿಸಿಕೊಳ್ಳುತ್ತಿದ್ದರು, ಇಲ್ಲವೇ ಸೀಮೆಎಣ್ಣೆ ಬೆರೆಸುತ್ತಿದ್ದರು. ಸೀಮೆಎಣ್ಣೆಯಲ್ಲಿ ಮೇಣ ಕಡಿಮೆ, ಹಾಗಾಗಿ ಡೀಸೆಲ್ ಬೇಗ ಹೆಪ್ಪುಗಟ್ಟುವುದಿಲ್ಲ. ಆದರೆ ಅದಕ್ಕೆ ಜಿಡ್ಡೂ ಕಡಿಮೆ; ಡೀಸೆಲ್ ಜಿಡ್ಡನ್ನೇ ನೆಚ್ಚಿಕೊಂಡ ಇಂಧನ ಪಂಪ್ ಸವೆಯುತ್ತದೆ. ಬೆಂಕಿಯ ಅಪಾಯವನ್ನಂತೂ ಹೇಳಬೇಕಾಗಿಲ್ಲ. ದಶಕಗಳ ಕಾಲ ಜನ ಈ ಎರಡರ ನಡುವೆಯೇ ದಾರಿ ಹುಡುಕಿಕೊಳ್ಳಬೇಕಾಯಿತು.

2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದೇ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಇದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಇದರಿಂದ ನೀಗುವುದು ಮೇಣದ ತೊಂದರೆ ಮಾತ್ರ. ಕಬ್ಬಿಣ, ಆಯಿಲ್, ಬ್ಯಾಟರಿಗಳನ್ನು ಬೆಚ್ಚಗಿಡುವ ಕೆಲಸ ಈಗಲೂ ಹೀಟರುಗಳದ್ದು ಮತ್ತು ಚಾಲಕರದ್ದು.