ತರ್ದವಾಡಿಯಿಂದ ಕಲ್ಯಾಣಕ್ಕೆ

1649ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನ ತಲೆ ಹೋಯಿತು; 1660ರಲ್ಲಿ ಅವನ ಮಗ ಮರಳಿ ಬಂದು ಪಟ್ಟವೇರಿದ. ಶಾಲೆಯಲ್ಲಿ ಈ ಕಥೆಯನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರುಂಟು. ಅದಕ್ಕೂ ಸುಮಾರು ಐನೂರು ವರ್ಷ ಮೊದಲು ನಮ್ಮ ನೆಲದಲ್ಲೇ ಒಂದು ಸಿಂಹಾಸನ ಉರುಳಿ ಮತ್ತೆ ಎದ್ದಿತು. ಅದರ ಬೇರು ನಮ್ಮ ಇಂಡಿ ಸೀಮೆಯಲ್ಲಿದೆ.

ಭೀಮಾತೀರದ ತದ್ದೇವಾಡಿ ಈಗ ಸಣ್ಣ ಊರು. ಶಾಸನಗಳಲ್ಲಿ ಬರುವ 'ತರ್ದವಾಡಿ ಸಾಸಿರ' ನಾಡಿಗೆ ಹೆಸರು ಬಂದುದು ಈ ಊರಿನಿಂದಲೇ. ರಾಷ್ಟ್ರಕೂಟರ ಕೈಕೆಳಗೆ ಚಾಲುಕ್ಯ ತೈಲಪನು ಇದನ್ನು ಆಳುತ್ತಿದ್ದನೆಂದು ಬಾಗೇವಾಡಿ ಸೀಮೆಯ ನರಸಲಗಿಯ 965ರ ಶಾಸನ ತಿಳಿಸುತ್ತದೆ. 973ರಲ್ಲಿ ಅವನು ಒಡೆಯರನ್ನೇ ಕೆಡವಿ ತನ್ನ ವಂಶದ ಅರಸೊತ್ತಿಗೆಯನ್ನು ಮರಳಿ ನಿಲ್ಲಿಸಿದ. ಮುಂದೆ ಅದೇ ನಾಡು ಕಳಚುರಿ ಬಿಜ್ಜಳನ ವಶಕ್ಕೆ ಬಂತು. ತೈಲಪ ಮಾಡಿದ್ದನ್ನೇ ಬಿಜ್ಜಳ ತೈಲಪನ ವಂಶಕ್ಕೆ ಮಾಡಿದ!

ಆಗ ಕಲ್ಯಾಣದಲ್ಲಿದ್ದವನು ಮೂರನೆಯ ತೈಲಪ. ಕಾಕತೀಯ ಪ್ರೋಲನು ಅವನನ್ನು ಸೆರೆಹಿಡಿದು, ಕನಿಕರದಿಂದ ಬಿಟ್ಟನಂತೆ. ಅರಸನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇರೆ ಬೇಕೆ? ಬಿಜ್ಜಳ ಒಮ್ಮೆಲೇ ಕತ್ತಿ ಹಿರಿಯಲಿಲ್ಲ. 1157ರಿಂದ ತನ್ನ ಆಳಿಕೆಯ ವರ್ಷ ಎಣಿಸತೊಡಗಿ, 1162ರ ಹೊತ್ತಿಗೆ ಕಲ್ಯಾಣದಲ್ಲಿ ಕುಳಿತ. ಬಾಗೇವಾಡಿಯ ಬಸವಣ್ಣ ಭಂಡಾರಿಯಾದುದು ಇವನಲ್ಲಿಯೇ. ಬಿಜ್ಜಳ 1167ರಲ್ಲಿ ಮಗ ಸೋವಿದೇವನಿಗೆ ಪಟ್ಟ ಬಿಟ್ಟುಕೊಟ್ಟ. ಬಹುಬೇಗ ಕಲ್ಯಾಣದ ಗಲಭೆಯೆದ್ದು ಅವನ ಕೊಲೆಯಾಯಿತು. ಜೈನ ಗ್ರಂಥಗಳು ಇದನ್ನು ಒಂದು ಬಗೆಯಾಗಿಯೂ ಶರಣಪುರಾಣಗಳು ಇನ್ನೊಂದು ಬಗೆಯಾಗಿಯೂ ಹೇಳುತ್ತವೆ. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ ನೀಲಮ್ಮನ ಐಕ್ಯಸ್ಥಳವನ್ನು ಜನ ಇಂದಿಗೂ ತೋರಿಸುತ್ತಾರೆ.

ಬಿಜ್ಜಳನ ಮಕ್ಕಳು ಒಬ್ಬರಾದ ಮೇಲೊಬ್ಬರು ಆಳಿದರು. ಕ್ರಾಮ್‌ವೆಲ್ಲನ ಮಗನ ಕೈಯಲ್ಲೂ ಗದ್ದುಗೆ ಹೆಚ್ಚು ದಿನ ನಿಲ್ಲಲಿಲ್ಲವೆಂಬುದು ನಿಮಗೆ ನೆನಪಿರಬಹುದು. ಆದರೆ ಎರಡನೆಯ ಚಾರ್ಲ್ಸನನ್ನು ಪಾರ್ಲಿಮೆಂಟು ಕರೆಸಿಕೊಂಡಿತು. ನಮ್ಮ ನಾಲ್ಕನೆಯ ಸೋಮೇಶ್ವರನನ್ನು ಕರೆತಂದದ್ದು ಬ್ರಹ್ಮನೆಂಬ ದಂಡನಾಯಕನ ಕತ್ತಿ. ಅವನ ತಂದೆ ಕಳಚುರಿಗಳ ಸೇವೆಯಲ್ಲಿದ್ದವನೇ! 1184ರ ಸುಮಾರಿಗೆ ಕೊನೆಯ ಕಳಚುರಿ ಸಿಂಘಣ ಶರಣಾದ.

ಹೊರಗೆ ಹೋಗಿದ್ದ ಸಾಮಂತರು ಮಾತ್ರ ಹಿಂದಿರುಗಲಿಲ್ಲ. ಯಾದವ ಭಿಲ್ಲಮ ಬಡಗಣದಿಂದ ಒತ್ತಿದ, ಹೊಯ್ಸಳ ಬಲ್ಲಾಳ ತೆಂಕಣದಿಂದ. 1190ರ ಹೊತ್ತಿಗೆ ಕಲ್ಯಾಣ ಕೈಬಿಟ್ಟಿತ್ತು. ಸೋಮೇಶ್ವರ ಬನವಾಸಿಯ ಕಡೆ ಸರಿದ.